ಮಂಜಿನೊಳಗೆ ಹಿಂದಕ್ಕೆ ಜಾರುತ್ತಿದ್ದ ಆಟಗಾರ

ಸೌದಿಯ ಜಿದ್ದಾ ನಗರದ ಅಜೀಜಿಯಾದಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದ ಕ್ಲಿನಿಕ್ಕಿಗೆ ಬರುತ್ತಿದ್ದ ನೋವುಗಳು ಹೆಚ್ಚುಕಡಿಮೆ ಒಂದೇ ಥರದವು. ಕಂಪ್ಯೂಟರ್ ಮುಂದೆ ಕೂತವರ ಕತ್ತು, ಟ್ರೇಲರ್ ಓಡಿಸುವವರ ಸೊಂಟ, ಅಡುಗೆಮನೆಯಲ್ಲಿ ನಿಂತೇ ಇರುವವರ ಹಿಮ್ಮಡಿ. ಆ ಕೆನಡಾದವರ ಎಡಭುಜವನ್ನು ಮೊದಲ ಸಲ ಮುಟ್ಟಿದಾಗ ಮಾತ್ರ ನನ್ನ ಕೈಗೆ ಏನೂ ಗುರುತು ಸಿಗಲಿಲ್ಲ. ಕೊರಳ ಕೆಳಗಿನ ಎಲುಬು ಮುರಿದು ಅಡ್ಡಾದಿಡ್ಡಿಯಾಗಿ ಕೂಡಿಕೊಂಡಿತ್ತು. ಬಲಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಮೂಗು ಒಂದು ಕಡೆಗೆ ವಾಲಿತ್ತು.

“ಯಾವ ಅಪಘಾತ?” ಎಂದು ಕೇಳಿದೆ.

“ಅಪಘಾತ ಅಲ್ಲ, ಉದ್ಯೋಗ” ಎಂದರು.

ಅವರು ಉಕ್ಕಿನ ಅಲಗಿನ ಸ್ಕೇಟ್ ಕಟ್ಟಿ ಮಂಜುಗಡ್ಡೆಯ ಮೇಲೆ ಆಡುವ ‘ಐಸ್ ಹಾಕಿ’ ಆಟದಿಂದ ಬದುಕಿದವರು. ಡಿಫೆನ್ಸ್‌ಮನ್, ಅಂದರೆ ತಮ್ಮ ಗೋಲನ್ನು ಕಾಯುವ ಆಟಗಾರ. ಎದುರಾಳಿ ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ನುಗ್ಗಿ ಬರುವಾಗ ಇವರು ಅವನ ಎದೆಯ ಮೇಲೆ ಕಣ್ಣಿಟ್ಟು ಹಿಂದಕ್ಕೆ ಹಿಂದಕ್ಕೆ ಜಾರುತ್ತಾ ದಾರಿ ಕಟ್ಟಬೇಕು. ಸಣ್ಣ ಊರುಗಳ ತಂಡಗಳು, ಹಿಮದಲ್ಲಿ ಬಸ್ಸಿನ ಪ್ರಯಾಣ, ಒಡೆದ ಹಲ್ಲು. ಇವರಿಗೆ ಇನ್ನೊಂದು ಕೆಲಸವೂ ಇತ್ತು. ತಂಡದ ಒಳ್ಳೆಯ ಆಟಗಾರನನ್ನು ಯಾರಾದರೂ ಕೆಡವಿದರೆ, ಕೈಗವಸುಗಳನ್ನು ಕಳಚಿ ಐಸ್ ಮೇಲೆ ಎಸೆಯುವುದು. ಕೈಗವಸು ಕೆಳಗೆ ಬಿತ್ತೆಂದರೆ ಮುಷ್ಟಿ ಕಾಳಗ ಶುರು. “ನನ್ನನ್ನು ತಂಡಕ್ಕೆ ತೆಗೆದುಕೊಂಡದ್ದೇ ಅದಕ್ಕೆ” ಎಂದು ಅವರು ಹೇಳಿದಾಗ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಸುಸ್ತಾದವರನ್ನು ಆಟದ ನಡುವೆಯೇ ಬದಲಿಸುತ್ತಾರಂತೆ. ಬೆಂಚಿನಿಂದ ಯಾರಾದರೂ “ಚೇಂಜ್!” ಎಂದು ಕೂಗಿದರೆ ಯಾರೇ ಆಗಲಿ, ಎಲ್ಲೇ ಇರಲಿ, ತಿರುಗಿ ಬಂದುಬಿಡಬೇಕು. “ಅಮ್ಮ ಊಟಕ್ಕೆ ಕರೆದರೂ ನಾನು ಅಷ್ಟು ಬೇಗ ಹೋದವನಲ್ಲ” ಎಂದು ನಕ್ಕರು.

ಒಂದು ದಿನ ಫೋನಿನಲ್ಲಿ ಹಳೆಯ ವಿಡಿಯೋ ತೋರಿಸಿದರು. ದೊಡ್ಡ ಮೈಯ ಆಟಗಾರನೊಬ್ಬ ಇನ್ನೊಬ್ಬನ ಅಂಗಿ ಹಿಡಿದು ಗುದ್ದುತ್ತಿದ್ದ. ಜನ ಗಾಜಿನ ಗೋಡೆ ಬಡಿದು ಕೂಗುತ್ತಿದ್ದರು.

“ಇದು ನಾನಂತೆ” ಎಂದರು.

ಒಂದು ಪಂದ್ಯದಲ್ಲಿ ಅವರ ತಲೆಗೆ ಏಟು ಬಿದ್ದಿತ್ತು. ಆದರೂ ಅವರು ಆ ಪಂದ್ಯ ಮುಗಿಸಿದರು, ಆ ಚಳಿಗಾಲವಿಡೀ ಆಡಿದರು. ಹಿಂದೆಂದಿಗಿಂತ ಚೆನ್ನಾಗಿ ಆಡಿದರೆಂದು ಎಲ್ಲರೂ ಹೇಳುತ್ತಾರೆ. ಜೊತೆಯವರೊಂದಿಗೆ ತಮಾಷೆ ಮಾಡಿದ್ದಾರೆ, ನಾಯಿಯೊಂದನ್ನು ಸಾಕಿದ್ದಾರೆ, ಒಬ್ಬಳನ್ನು ಮದುವೆಯಾಗುತ್ತೇನೆಂದು ಮಾತು ಕೊಟ್ಟಿದ್ದಾರೆ. ಅವರಿಗೆ ಇದ್ಯಾವುದೂ ನೆನಪಿಲ್ಲ. ವಸಂತದ ಒಂದು ಬೆಳಿಗ್ಗೆ ಎದ್ದಾಗ ಗುರುತಿಲ್ಲದ ನಾಯಿಯೊಂದು ಕಾಲಬುಡದಲ್ಲಿ ಮಲಗಿತ್ತಂತೆ.

“ಆ ಚಳಿಗಾಲವನ್ನು ಯಾರೋ ಬದುಕಿದ್ದಾನೆ. ನಾನಲ್ಲ” ಎಂದರು. ಆಮೇಲೆ ಆ ಇನ್ನೊಬ್ಬನ ವಿಷಯ ಬಂದಾಗಲೆಲ್ಲ ‘ಅವನು’ ಎಂದೇ ಹೇಳುತ್ತಿದ್ದರು, ಪಕ್ಕದ ಮನೆಯವನ ಸುದ್ದಿ ಹೇಳುವ ಹಾಗೆ.

ಆಟ ಬಿಟ್ಟ ಮೇಲೆ ಐಸ್ ಕಣ್ಣಿಗೆ ಬೀಳದ ಜಾಗ ಹುಡುಕಿಕೊಂಡು ಜಿದ್ದಾದಿಂದ ಉತ್ತರಕ್ಕಿರುವ ರಾಬಿಗ್‌ನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಕೆಲಸಕ್ಕೆ ಸೇರಿದ್ದರು. ಕೆಲವು ವರ್ಷ ‘ಅವನ’ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಜಿದ್ದಾದ ಮಾಲ್ ಒಂದರ ಸ್ಕೇಟಿಂಗ್ ರಿಂಕ್‌ಗೆ, ಅಂದರೆ ಐಸಿನ ಅಂಗಳಕ್ಕೆ, ಕೋಚ್ ಬೇಕಾಗಿತ್ತು. ಯಾರೋ ಇವರ ಹೆಸರು ಹೇಳಿದರು. ಬೇಡವೆನ್ನಲು ಅವರಿಂದ ಆಗಲಿಲ್ಲ.

ಅವರು ಹೇಳಿದ್ದನ್ನೆಲ್ಲ ನಾನು ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ಎಂದುಕೊಂಡೇ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅವರು ಬೋರಲು ಮಲಗಿದ್ದರು, ನಾನು ಭುಜ ಒತ್ತುತ್ತಿದ್ದೆ.

“ಇನ್ನೆಷ್ಟು ಹೊತ್ತು ಉಳಿದಿದೆ?” ಎಂದು ಕೇಳಿದರು.

“ಐದು ನಿಮಿಷ.”

“ನಾವು ಮುಂದಿದ್ದೇವಾ?”

ದನಿ ಅವರದಲ್ಲ. ಚಿಕ್ಕ ಪ್ರಾಯದ, ಉಲ್ಲಾಸದ ದನಿ. ನನ್ನ ಅಂಗೈ ಕೆಳಗೆ ಭುಜ ಮರದ ಹಾಗೆ ಬಿಗಿಯಾಯಿತು. ವಾರಗಟ್ಟಲೆ ಪ್ರಯತ್ನಿಸಿಯೂ ಮೇಲೇಳದಿದ್ದ ಆ ಎಡಗೈ ಸಲೀಸಾಗಿ ಎದ್ದು ಮೇಜಿನ ಅಂಚನ್ನು ಹಿಡಿದುಕೊಂಡಿತು. ಅವರು ಎದ್ದು ಕೂತು, ನನ್ನನ್ನು ಇದೇ ಮೊದಲು ಕಾಣುವವರಂತೆ ನೋಡಿದರು. ನಾನು ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಕೈ ಕೆಳಗಿಳಿಯಿತು, ನೋವಿನಿಂದ ಮುಖ ಕಿವುಚಿಕೊಂಡರು.

“ಅವನು ಬಂದಿದ್ದನಾ?” ಎಂದು ಮೆಲ್ಲಗೆ ಕೇಳಿದರು.

ನರರೋಗ ತಜ್ಞರಿಗೆ ತೋರಿಸಲೇಬೇಕೆಂದು ಹಟ ಹಿಡಿದೆ. ಆಗಲಿ ಎಂದರು, ಹೋಗಲಿಲ್ಲ.

ನಮ್ಮ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿದ್ದವರು ಬಂಟ್ವಾಳದ ಕಡೆಯ ಬ್ಯಾರಿ. ಅವರ ಮಗಳು ಅದೇ ರಿಂಕ್‌ನಲ್ಲಿ ಕಲಿಯುತ್ತಿದ್ದಳು. “ಮೇಡಂ, ಶುಕ್ರವಾರ ಬನ್ನಿ ಒಮ್ಮೆ. ನನ್ನ ಮಗಳು ಎಂತ ಚೆಂದ ಜಾರ್ತಾಳೆ ಗೊತ್ತುಂಟಾ” ಎಂದು ಕರೆದರು. ನನ್ನ ಭಯ ಅವರಿಗೆ ಗೊತ್ತಿರಲಿಲ್ಲ. ಮಗು ಅಲ್ಲಿಗೆ ಹೋಗುತ್ತದೆಂದು ತಿಳಿದ ಮೇಲೆ ನಾನು ಹೋಗದೆ ಇರಲಾಗಲಿಲ್ಲ.

ಶುಕ್ರವಾರ ನಮಾಜ್ ಮುಗಿದ ಮೇಲೆ ಹೋದೆವು. ಹೊರಗೆ ಸಮುದ್ರದ ಹಬೆ ಮೈಗೆ ಅಂಟುತ್ತಿತ್ತು. ಒಳಗೆ ಎಸಿ ಕೆಟ್ಟಿತ್ತೋ ಏನೋ, ಸಾಮಾನು ತರಲು ಹಿಂಬಾಗಿಲನ್ನೂ ತೆರೆದಿಟ್ಟಿದ್ದರು. ಆ ಬಿಸಿ ಗಾಳಿ ಐಸಿಗೆ ತಾಗಿ ಮಂಜು ಏಳತೊಡಗಿತು. ಮೊದಲು ಪಾದದ ಮಟ್ಟಕ್ಕೆ, ಆಮೇಲೆ ಸೊಂಟದ ಮಟ್ಟಕ್ಕೆ. ಎಲ್ಲರೂ ಹೊರಗೆ ಬರಬೇಕೆಂದು ಮೈಕಿನಲ್ಲಿ ಹೇಳಿದರು. ಮಕ್ಕಳು ಒಬ್ಬೊಬ್ಬರಾಗಿ ಗೇಟಿಗೆ ಬಂದರು. ನಮ್ಮ ರಿಸೆಪ್ಷನ್‌ನವರ ಮಗಳು ಮಾತ್ರ ಬರಲಿಲ್ಲ.

ಅವಳು ನಡುವಿನಲ್ಲಿದ್ದಳು. ಅವಳಿಗೂ ಗೇಟಿಗೂ ನಡುವೆ ಆ ಕೆನಡಾದವರಿದ್ದರು, ನಮಗೆ ಬೆನ್ನು ಹಾಕಿ, ಹಿಂದಕ್ಕೆ ಜಾರುತ್ತಾ. ಅವಳು ಎಡಕ್ಕೆ ಹೋದರೆ ಅವರೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹುಡುಗಿ ಮೊದಲು ಆಟವೆಂದು ನಗುತ್ತಿದ್ದಳು. ನಗು ನಿಂತಿತು.

“ಕೋಚ್, ಪ್ಲೀಸ್” ಎಂಬ ಅಳು ಮಂಜಿನಿಂದ ಬಂತು.

“ಇದೆಂತದು ಮೇಡಂ? ಬಿಡ್ತಾ ಇಲ್ಲ ಅವಳನ್ನ!” ಎನ್ನುತ್ತಾ ತಂದೆ ಚಪ್ಪಲಿಯಲ್ಲೇ ಐಸ್ ಮೇಲೆ ಓಡಿ ಜಾರಿ ಬಿದ್ದರು. ಸದ್ದು ಕೇಳಿ ಕೋಚ್ ಗಿರ್ರನೆ ತಿರುಗಿದರು. ಆ ಮುಖ ನಾನು ವಿಡಿಯೋದಲ್ಲಿ ಕಂಡದ್ದು. ಕೈ ಕೊಡವಿದರು. ಎರಡು ಕೈಗವಸುಗಳೂ ಕೆಳಗೆ ಬಿದ್ದವು.

ನನಗೆ ಬೇರೇನೂ ಹೊಳೆಯಲಿಲ್ಲ. ಬೇಲಿಯ ಹಲಗೆಗೆ ಎರಡೂ ಕೈ ಬಡಿದು “ಚೇಂಜ್!” ಎಂದು ಗಂಟಲು ಹರಿಯುವಂತೆ ಕೂಗಿದೆ.

ಮುಷ್ಟಿ ಸಡಿಲವಾಯಿತು. ಬಿದ್ದಿದ್ದ ತಂದೆಯ ಪಕ್ಕದಲ್ಲೇ ಹಾದು, ನೇರವಾಗಿ ನನ್ನ ಕಡೆ ಬಂದು ಬೆಂಚಿನಲ್ಲಿ ಕೂತು ಏದುಸಿರು ಬಿಟ್ಟರು. ತಂದೆ ಎದ್ದು ಮಗಳನ್ನು ಅವಚಿಕೊಂಡು ಗೇಟು ದಾಟಿದರು.

“ನನ್ನ ಬದಲಿಗೆ ಯಾರನ್ನು ಕಳಿಸಿದಿರಿ?” ಎಂದು ಆ ಚಿಕ್ಕ ಪ್ರಾಯದ ದನಿ ಕೇಳಿತು.

“ಯಾರನ್ನೂ ಕಳಿಸಿಲ್ಲ. ಆಟ ಮುಗಿಯಿತು.”

ಅವನು ಮಂಜಿನ ಕಡೆ ನೋಡಿದ. “ಮತ್ತೆ ಅಲ್ಲಿರುವವನು ಯಾರು?”

ಐಸ್ ಮೇಲೆ ಯಾರೂ ಇರಲಿಲ್ಲ. ಆದರೆ ಉಕ್ಕಿನ ಅಲಗು ಐಸನ್ನು ಕೆರೆಯುವ ಸದ್ದು, ಉದ್ದವಾಗಿ, ನಿಧಾನವಾಗಿ, ದೂರದ ಮೂಲೆಯಿಂದ ಸುತ್ತು ಬರುತ್ತಿತ್ತು. ನಾನೂ ಕೇಳಿದೆ. ಕೂಲಿಂಗ್ ಪೈಪುಗಳ ಸದ್ದಾಗಿರಬೇಕೆಂದು ರಿಸೆಪ್ಷನ್‌ನವರು ಆಮೇಲೆ ಹೇಳಿದರು. ಇರಬಹುದು.

ಮಗಳು ಮತ್ತೆ ರಿಂಕ್‌ಗೆ ಹೋಗಲಿಲ್ಲ. ಆದರೆ ಮರುದಿನ ಆ ತಂದೆಯೇ ನನ್ನ ಹತ್ತಿರ ಬಂದು, “ಪಾಪ, ಅವರಿಗೆ ಇಲ್ಲಿ ಯಾರೂ ಇಲ್ಲ ಅಲ್ವಾ? ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೇನೆ, ನೀವು ಡಾಕ್ಟ್ರಿಗೆ ಹೇಳಿಡಿ ಮಾರಾಯ್ರೆ” ಎಂದರು. ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಹಳೆಯ ಏಟುಗಳು ಮಿದುಳನ್ನು ನಿಧಾನವಾಗಿ ತಿನ್ನುತ್ತಿವೆ ಎಂದರು ತಜ್ಞರು. ಕೆನಡಾದಿಂದ ಅವರ ಅಕ್ಕ ಬಂದು ಕರೆದೊಯ್ದರು.

ಕಳೆದ ವರ್ಷ ಆ ಅಕ್ಕನಿಗೆ ಫೋನ್ ಮಾಡಿದ್ದೆ. ತಮ್ಮ ಹುಷಾರಾಗಿದ್ದಾನೆ, ತುಂಬ ಖುಷಿಯಾಗಿದ್ದಾನೆ, ಸಣ್ಣ ಪ್ರಾಯದವನ ಹಾಗೆ ಆಗಿದ್ದಾನೆ ಎಂದರು. ಆ ಚಳಿಗಾಲದ ಎಲ್ಲ ಪಂದ್ಯಗಳೂ ಈಗ ಅವನಿಗೆ ನೆನಪಿವೆಯಂತೆ, ನಾಯಿಯ ಹೆಸರೂ ಕೂಡ. ಸೌದಿಯ ಹೆಸರೆತ್ತಿದರೆ ಮಾತ್ರ, ನಾನು ಅಲ್ಲಿಗೆಲ್ಲ ಹೋದವನೇ ಅಲ್ಲ ಎನ್ನುತ್ತಾನಂತೆ. ಅಷ್ಟರಲ್ಲಿ ಅಕ್ಕ ಫೋನನ್ನು ಅವನ ಕೈಗೆ ಕೊಟ್ಟರು.

“ನಿಮ್ಮ ಪರಿಚಯವಾದದ್ದು ಸಂತೋಷ” ಎಂದಿತು ಆ ಉಲ್ಲಾಸದ ದನಿ.

ಭುಜ ಹೇಗಿದೆ ಎಂದು ಕೇಳಿದೆ.

“ಭುಜವಾ? ಚೆನ್ನಾಗಿದೆ. ಯಾರೋ ತುಂಬ ದಿನ ಆರೈಕೆ ಮಾಡಿದ್ದಾರೆ ಅಂತ ಇಲ್ಲಿಯ ಡಾಕ್ಟರ್ ಹೇಳಿದರು” ಎಂದ. “ಯಾರು ಅಂತ ಗೊತ್ತಿಲ್ಲ.”