ಕರಿಯನ ಗಂಟಲಲ್ಲಿ ಎಲುಬು ಇರಲಿಲ್ಲ

ಮೊನ್ನೆ ನಮ್ಮ ನಾಯಿಮರಿಯ ಕಿವಿಗೆ ಉಣ್ಣಿ ಹತ್ತಿದ್ದವು. ಬೇವಿನೆಣ್ಣೆಯ ಬಾಟಲಿ ಹುಡುಕಿ ಮುಚ್ಚಳ ತೆಗೆದಿದ್ದೇ ತಡ, ಆ ಕಹಿ ವಾಸನೆ ಮೂಗಿಗೆ ಬಡಿದು, ಕೈಯಲ್ಲಿದ್ದ ಅರಳೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಕುಷ್ಟಗಿಯಲ್ಲಿದ್ದಾಗ ನಮ್ಮ ಎದುರುಮನೆಯ ಗಿರಣಿ ಅತ್ತಿಯ ಸೆರಗಿಗೆ ಇದೇ ವಾಸನೆ ಇರುತ್ತಿತ್ತು, ಜೋಳದ ಹಿಟ್ಟಿನ ಘಮವೂ ಅದರಲ್ಲೇ ಬೆರೆತು… ಆಕೆ ಹೋಗಿ ಕೆಲವು ವರ್ಷಗಳಾದವು. ಹೋದ ರೀತಿ ಮಾತ್ರ ನನಗೆ ಇನ್ನೂ ಅರಗಿಲ್ಲ.

ನಾನು ಮದುವೆಯಾಗಿ ಆ ಓಣಿಗೆ ಬಂದಾಗ ಆಕೆ ಒಬ್ಬಳೇ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಜೋಳದ ಡಬ್ಬಿ ಹೊತ್ತು ಬರುವವರ ನಡುವೆ ನಾಯಿಗೆ ಹಗ್ಗ ಕಟ್ಟಿ ಎಳೆದು ತರುವವರೂ ಇರುತ್ತಿದ್ದರು. ಉಣ್ಣಿಗೆ ಬೇವಿನೆಣ್ಣೆ. ಭೇದಿಯಾದರೆ ಸ್ವಲ್ಪ ಹೊತ್ತು ಬರೀ ನೀರು, ಆಮೇಲೆ ಮೆತ್ತಗಿನ ಅನ್ನಕ್ಕೆ ಮಜ್ಜಿಗೆ. ಬಿಸಿಲಿಗೆ ತೇಕುತ್ತಿದ್ದರೆ ಹೊಟ್ಟೆಗೂ ಪಾದಕ್ಕೂ ಒದ್ದೆ ಬಟ್ಟೆ. ಹಬ್ಬದ ದಿನ ನಾಯಿಗೆ ಹೋಳಿಗೆ ತಿನ್ನಿಸಿದವರಿಗೆ ಮಾತ್ರ ಮಂಗಳಾರತಿ ತಪ್ಪಿದ್ದಲ್ಲ. "ಅದಕ್ಕ ನಾಲಿಗಿ ಐತಿ ಬಿಡ್ರಿ, ನಿಮಗ ಬುದ್ಧಿ ಬ್ಯಾಡೇನ್ರಿ?" ಎನ್ನುತ್ತಿದ್ದಳು. ನಾಯಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ನನ್ನ ತೊಡೆಯ ಮೇಲೆ ಮೊದಲ ಸಲ ಮರಿ ತಂದು ಇಟ್ಟವಳೂ ಆಕೆಯೇ.

ಒಂದು ವಿಷಯಕ್ಕೆ ಮಾತ್ರ ಆಕೆ ಜಗ್ಗುತ್ತಿರಲಿಲ್ಲ. ದನದ ಡಾಕ್ಟರು ಓಣಿಗೆ ಬಂದು ನಾಯಿಗಳಿಗೆ ಹುಚ್ಚು ಹಿಡಿಯದಂತೆ ಸೂಜಿ ಹಾಕುತ್ತೇವೆಂದಾಗ ತನ್ನ ನಾಯಿ ಕರಿಯನನ್ನು ಗಿರಣಿಯೊಳಗೆ ಕೂಡಿ ಚಿಲಕ ಹಾಕಿದಳು. "ಕಡಿಯೋ ನಾಯಿಗೆ ಹಾಕ್ರಿ ಸಾಹೇಬ್ರ. ನಮ್ಮ ಕರಿಯಾ ಇಲ್ಲೀತನಕ ಯಾರಿಗೂ ಹಲ್ಲು ಹಚ್ಚಿಲ್ಲ" ಎಂದಳು. ನಾವೆಲ್ಲ ನಕ್ಕೆವು. ಹುಚ್ಚುನಾಯಿ ಎಂದರೆ ಊರೆಲ್ಲ ಓಡಾಡಿ ಕಂಡಕಂಡವರನ್ನು ಕಡಿಯುವುದು, ಅಷ್ಟೇ ನಮಗೆ ಗೊತ್ತಿದ್ದದ್ದು.

ಆ ವರ್ಷ ಕರಿಯ ಸಂತೆ ಕಡೆಯ ಯಾವುದೋ ನಾಯಿಯೊಂದಿಗೆ ಕಚ್ಚಾಡಿ ಕಾಲು ಹರಿದುಕೊಂಡು ಬಂತು. ಅರಿಶಿನ ಹಚ್ಚಿದಳು, ಗಾಯ ಮಾಯಿತು, ಎಲ್ಲರೂ ಮರೆತರು. ಕೆಲವು ವಾರಗಳ ಮೇಲೆ ಕರಿಯ ಉಣ್ಣುವುದು ಬಿಟ್ಟು ಮೂಲೆ ಹಿಡಿಯಿತು. ಕೆಳದವಡೆ ಜೋತು ಜೊಲ್ಲು ಸುರಿಯುತ್ತಿತ್ತು. ಬೊಗಳಿದರೆ ದನಿ ಒಡೆದಿತ್ತು. ನೀರಿಗೆ ಮೂತಿ ಇಟ್ಟರೂ ನುಂಗಲಾಗುತ್ತಿರಲಿಲ್ಲ. ಕಡಿಯುವುದಿರಲಿ, ಗುರ್ ಎನ್ನಲೂ ಇಲ್ಲ ಪಾಪ.

"ಎಲುಬು ಸಿಕ್ಕೈತಿ" ಎಂದಳು ಅತ್ತಿ. ಹಿಂದೊಮ್ಮೆ ಬೇರೆ ನಾಯಿಯ ಗಂಟಲಿನಿಂದ ಕೋಳಿಯ ಎಲುಬು ತೆಗೆದು ಹೆಸರು ಮಾಡಿದವಳು, ಆಕೆಯ ಮಾತಿಗೆ ಎದುರಾಡುವವರು ಯಾರು? ನಾನು ಒಂದು ಕೈಯಲ್ಲಿ ಮೊಬೈಲಿನ ಬೆಳಕು ಬಿಟ್ಟು, ಇನ್ನೊಂದರಲ್ಲಿ ಕರಿಯನ ದವಡೆ ಹಿಡಿದೆ. ಆಕೆ ಬೆರಳುಗಳನ್ನು ಗಂಟಲಿನವರೆಗೆ ಇಳಿಸಿ ತಡಕಿದಳು. ಗಿರಣಿ ಕಲ್ಲನ್ನು ಉಳಿಯಿಂದ ಕಟೆಯುವಾಗ ಚೂರು ಸಿಡಿದು ಆಕೆಯ ಬೆರಳುಗಳಲ್ಲಿ ಯಾವಾಗಲೂ ಸಣ್ಣಪುಟ್ಟ ಗಾಯಗಳಿರುತ್ತಿದ್ದವು. ಅವತ್ತು ಉಳ್ಳಾಗಡ್ಡಿ ಹೆಚ್ಚುವಾಗ ನನ್ನ ಬೆರಳೂ ಕೊಯ್ದಿತ್ತು. "ಬಟ್ಟಿ ಸುತ್ತಬಾರದೇನವಾ ಅದಕ್ಕ" ಎಂದು ನನ್ನನ್ನೇ ಗದರಿದಳು. ಎಲುಬು ಸಿಗಲಿಲ್ಲ. ಇಬ್ಬರೂ ಜೊಲ್ಲನ್ನು ಸೆರಗಿಗೆ ಒರೆಸಿಕೊಂಡೆವು. ಮರುದಿನ ಕರಿಯ ಸತ್ತಿತು. ಆಕೆ ಗಿರಣಿ ಬಂದ್ ಮಾಡಿ ಕೂತಳು, ನನಗೂ ಊಟ ಸೇರಲಿಲ್ಲ.

ಅದಾಗಿ ಒಂದೆರಡು ತಿಂಗಳಿರಬೇಕು. ಆಕೆಯ ಬಲಗೈ ಜುಮುಜುಮು ಎನ್ನತೊಡಗಿತು. ವಾಯು ಎಂದು ಎಣ್ಣೆ ತಿಕ್ಕಿಕೊಂಡಳು. ಜ್ವರ ಬಂತು. ನಾನು ಚಹಾ ಒಯ್ದು ಕೊಟ್ಟರೆ, ಲೋಟ ತುಟಿಗೆ ತಾಗುವ ಮೊದಲೇ ಆಕೆಯ ಗಂಟಲು ಸೆಟೆದು ಚಹಾ ಎಲ್ಲ ಚೆಲ್ಲಿಹೋಯಿತು.

"ಗಂಟಲಾಗ ಏನೋ ಸಿಕ್ಕಂಗ ಆಗೇತಿ ಯವ್ವಾ…" ಎಂದಳು.

ಸುದ್ದಿ ತಿಳಿದು ಪರಊರಿನಿಂದ ಬಂದ ಆಕೆಯ ಮಗ ಮತ್ತು ನಾನು ಸೇರಿ ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದೆವು. ನಾಯಿ ಕಡಿದಿತ್ತೇನು ಎಂದು ಡಾಕ್ಟರು ಕೇಳಿದರು. "ಇಲ್ರಿ, ನಮ್ಮ ನಾಯಿ ಕಡಿಯಂಗಿಲ್ಲ" ಎಂದಳು, ಆ ಸಂಕಟದಲ್ಲೂ ಹೆಮ್ಮೆಯಿಂದ. ನಾಯಿಯ ಜೊಲ್ಲು ಗಾಯಕ್ಕೆ ಹತ್ತಿತ್ತೇನು ಎಂದರು. ಆಕೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಡಾಕ್ಟರು ಮಗನನ್ನು ಬಾಗಿಲ ಹತ್ತಿರ ಕರೆದು ಹೇಳಿದ್ದು ನನಗೂ ಕೇಳಿಸಿತು. ದವಡೆ ಜೋತುಬಿಟ್ಟು ಸುಮ್ಮನೆ ಕೂರುವುದೂ ನಾಯಿಹುಚ್ಚೇ, ಅದು ಕಡಿಯಲೇಬೇಕೆಂದಿಲ್ಲ. ಮನುಷ್ಯರಲ್ಲಿ ಹೀಗೆ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಕಡಿಯದ ನಾಯಿಯಿಂದ, ಪ್ರೀತಿಯಿಂದ ಬಾಯಲ್ಲಿ ಕೈ ಹಾಕಿದ್ದಕ್ಕೆ, ಇಷ್ಟು ಗಟ್ಟಿಮುಟ್ಟಾದ ಹೆಂಗಸು ಸಾಯುತ್ತಾಳೆಯೇ? ಆ ಗಾಬರಿಯಲ್ಲಿ ನನ್ನ ಬೆರಳಿನ ನೆನಪು ನನಗೇ ಇರಲಿಲ್ಲ.

ಆಕೆಗಿತ್ತು. ಮಂಚದಿಂದಲೇ ಕೈಚಾಚಿ ಡಾಕ್ಟರ ಅಂಗಿ ಹಿಡಿದೆಳೆದು, ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದಳು. "ಈಕಿ ಬೆರಳೂ ಕೊಯ್ದಿತ್ರಿ ಆವತ್ತ… ಈಕಿನೂ ಬಾಯಿ ಹಿಡದಿದ್ಲು. ಮೊದಲ ಈಕಿಗೆ ಸೂಜಿ ಹಾಕ್ರಿ. ಸಣ್ಣಾಕಿ ಅದಾಳ."

ನನ್ನನ್ನು ಕೈಹಿಡಿದು ಕರೆದೊಯ್ದರು. ಮೊದಲ ಸೂಜಿ ಹಾಕಿಸಿಕೊಂಡು ಬರುವಷ್ಟರಲ್ಲಿ ಆಕೆ ಫ್ಯಾನಿನ ಗಾಳಿಗೂ ಬೆಚ್ಚುತ್ತಿದ್ದಳು. ನನ್ನ ಗುರುತು ಹತ್ತಲಿಲ್ಲ. ಮರುದಿನ ಹೋದಳು.

ಈಗ ನಾವು ಗಂಗಾವತಿಯಲ್ಲಿದ್ದೇವೆ. ಮರಿಗೆ ಹುಚ್ಚಿನ ಸೂಜಿ ಹಾಕಿಸಿದ್ದೇನೆ, ವರ್ಷ ವರ್ಷ ಹಾಕಿಸುತ್ತೇನೆ. ಅದು ಸ್ವಲ್ಪ ಪರಚಿದರೂ ಸೋಪು ಹಚ್ಚಿ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುತ್ತೇನೆ, ಆಮೇಲೆ ಆಸ್ಪತ್ರೆಗೆ ಓಡುತ್ತೇನೆ. ಓಣಿಯಲ್ಲಿ ಯಾರ ನಾಯಿ ಉಣ್ಣದೆ ಕೂತರೂ, ಬಾಯಿಗೆ ಕೈ ಹಾಕಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಎಂದು ಬೆನ್ನು ಹತ್ತುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ತನ್ನ ನಾಯಿಗೆ ಬೇಡವೆಂದ ಸೂಜಿಯನ್ನು ಆಕೆ ನನಗಾಗಿ ಬೇಡಿ ಹಾಕಿಸಿದಳು. ಹಾಗಾಗಿ ನಾನಿದ್ದೇನೆ. ಆಕೆಗೆ ಒಂದು ಗುಟುಕು ನೀರೂ ಇಳಿಯಲಿಲ್ಲ…