ಯಲಹಂಕದಲ್ಲಿ ಮುಳುಗಿದ ಜರ್ಮನ್ ಹಡಗು

ಲೈಟ್ ಕ್ರೂಸರ್ ಎಂಬ ಒಂದು ಹಗುರ ಯುದ್ಧನೌಕೆಯ ನಕ್ಷೆಯನ್ನು ಜರ್ಮನ್ನರು ಬರೆದಿದ್ದರೇ ಹೊರತು ಹಡಗನ್ನು ಕಟ್ಟಲೇ ಇಲ್ಲ. ಅದು ನೀರಿಗಿಳಿದದ್ದು ನನ್ನ ಕಂಪ್ಯೂಟರ್ ಗೇಮಿನಲ್ಲಿ ಮಾತ್ರ. ವೇಗ ಬೇಕಾದಷ್ಟಿತ್ತು, ಆದರೆ ಪಕ್ಕದ ಉಕ್ಕು ಹಪ್ಪಳದಷ್ಟು ತೆಳು. ಶತ್ರುವಿಗೆ ಮೂತಿ ತೋರಿಸಬಹುದು, ಪಕ್ಕೆ ತೋರಿಸಿದರೆ ಕಥೆ ಮುಗಿಯಿತು.

ಒಂದು ಫೆಬ್ರವರಿಯ ಬೆಳಿಗ್ಗೆ ಯಲಹಂಕದ ನಮ್ಮ ಮನೆಯಲ್ಲಿ ಕೂತು ಆಡುತ್ತಿದ್ದೆ. ನಮ್ಮ ತಂಡದ ಹಡಗುಗಳೆಲ್ಲ ಮುಳುಗಿ ನಾನೊಬ್ಬನೇ ಉಳಿದಿದ್ದೆ. ಎದುರಿಗೆ ಶತ್ರುವಿನ ದೈತ್ಯ ಯುದ್ಧನೌಕೆ. ಅದೂ ಏಟು ತಿಂದು ಸೊರಗಿತ್ತು. ಇನ್ನೊಮ್ಮೆ ಗುಂಡು ಹಾರಿಸಿದರೆ ಗೆಲುವು ನಮ್ಮದೇ. ನನ್ನ ಹಡಗಿನ ತೋಪುಗಳಲ್ಲಿ ಮತ್ತೆ ಗುಂಡು ತುಂಬಲೆಂದು ಕಾಯುತ್ತಿದ್ದೆ. ಆರ್.ಟಿ. ನಗರದ ತನ್ನ ಮನೆಯಲ್ಲಿ ಕೂತು ನನ್ನ ಆಟ ನೋಡುತ್ತಿದ್ದ ತಂಡದ ಗೆಳೆಯ ಹೆಡ್‌ಫೋನಿನಲ್ಲಿ ಪಿಸುಗುಟ್ಟಿದ: "ಮಗಾ, ತಿರುಗಿಸ್ಬೇಡ. ಹಂಗೇ ಇರು."

ಅಷ್ಟರಲ್ಲಿ ತಲೆಯ ಮೇಲೆ ಸಿಡಿಲು ಬಡಿದಂತೆ ವಿಮಾನವೊಂದು ಮೊರೆಯಿತು. ಕಿಟಕಿಯ ಗಾಜು ಅದುರಿತು. ಬಾಂಬು ಬಿದ್ದೇಬಿಟ್ಟಿತೆಂದು ನಾನು ಹಡಗನ್ನು ಸರ್ರನೆ ಪಕ್ಕಕ್ಕೆ ತಿರುಗಿಸಿದೆ. ಯುದ್ಧನೌಕೆಗೆ ಅಷ್ಟೇ ಸಾಕಾಯಿತು.

"ಯಾಕೋ ತಿರುಗಿಸ್ದೆ?" ಗೆಳೆಯ ಅರಚಿದ.

"ಪ್ಲೇನ್ ಬಂತಲ್ಲೋ!"

"ಈ ಆಟದಲ್ಲಿ ಯಾರ ಹತ್ರಾನೂ ಪ್ಲೇನೇ ಇಲ್ಲ ಕಣೋ!"

ಟೆರೇಸಿನಿಂದ ಹೆಂಡತಿ ಓಡಿಬಂದಳು. ಹತ್ತಿರದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನದ ತಾಲೀಮು ಶುರುವಾಗಿತ್ತು.

"ಎಷ್ಟು ಕೆಳಗೆ ಬಂತು ಕಣ್ರೀ! ನೋಡಿದ್ರಾ?"

ಹೆಡ್‌ಫೋನ್ ಕಿತ್ತೆಸೆದೆ. "ನೋಡೋದೇನು ಬಂತು! ಲೋಕದಲ್ಲೇ ಇಲ್ದಿರೋ ನನ್ನ ಹಡಗನ್ನ ಮುಳುಗಿಸ್ಬಿಟ್ಟು ಹೋಯ್ತು!"