ಗೋಡೆಗೆ ದೀಪ, ಮೆಟ್ಟಿಲಿಗೆ ಕತ್ತಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಟ್ಟಡದವರೆಲ್ಲ ಹೇಳುತ್ತಾರೆ. ಹೇಳಲಿ. ಅರ್ಧ ಆಯುಸ್ಸು ಚೊಂಗ್‌ಚಿಂಗ್‌ನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಆದರೆ ಆ ಚಳಿಗಾಲದಲ್ಲಿ ಬಂದ ಕೋಪವೇ ಬೇರೆ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ. ಒಂಬತ್ತನೇ ಮಹಡಿಯ ರಾನ್ ಯುಲಿಯೆನ್ ಬಗ್ಗೆ ಬರೆಯಲು ಕೂತಿರುವುದೇ ಅದು ಒಂದಿಷ್ಟಾದರೂ ಇಳಿಯಲಿ ಎಂದು.

ಯುಲಿಯೆನ್ ದೀಪದ ಕೆಲಸದವಳು. ದೀಪ ಮಾರುವವಳಲ್ಲ, ತಂತಿ ಎಳೆಯುವವಳೂ ಅಲ್ಲ. ಎಲ್ಲಿ ಯಾವ ದೀಪ ಬೇಕು, ಎಷ್ಟು ಬೆಳಕು, ಯಾವ ಬಣ್ಣ, ಅದರ ಮುಖ ಯಾವ ಕಡೆಗೆ ಎಂದು ಯೋಚಿಸಿ ನಕ್ಷೆ ಬರೆಯುವವಳು. ಹುಡುಗಿಯಾಗಿದ್ದಾಗ ಬಟ್ಟೆ ಅಂಗಡಿಗಳ ಗಾಜಿನ ಕಿಟಕಿಗಳಿಂದ ಶುರು ಮಾಡಿದಳು. ಗೊಂಬೆಗೆ ತೊಡಿಸಿದ ಕೋಟಿನ ಭುಜದ ಮೇಲೊಂದು ದೀಪ, ಹಿಂದಿನ ಗೋಡೆಗೆ ಮಂದವಾಗಿ ಇನ್ನೊಂದು, ಅಷ್ಟೇ. ದಾರಿಯಲ್ಲಿ ಹೋಗುವವರು ನಿಂತುಬಿಡುತ್ತಿದ್ದರು. ನಾನೇ ಒಮ್ಮೆ ಹಾಗೆ ನಿಂತು, ಮರುಳಾಗಿ ಒಳಗೆ ಹೋಗಿ, ಕೋಟು ಕೊಂಡು ಮನೆಗೆ ತಂದು ನೋಡಿದರೆ ಅದು ಇಲಿಯ ಬಣ್ಣದ್ದು. ಸೀದಾ ಅವಳ ಮನೆಗೆ ಹೋಗಿ ಬಾಗಿಲು ಬಡಿದೆ.

"ಚಿನ್ ಅಕ್ಕ, ಅಂಗಡಿಯವನು ಕೋಟು ಮಾರಿದ. ನಾನು ಬರೀ ಬೆಳಕು ಬಿಟ್ಟೆ. ನನ್ನನ್ನ್ಯಾಕೆ ಬೈತೀರಿ?" ಎಂದು ನಕ್ಕಳು. ಒಂದು ಬಟ್ಟಲು ಖಾರದ ನೂಡಲ್ಸ್ ಕೊಟ್ಟು ಕಳಿಸಿದಳು. ಅಂದಿನಿಂದ ನಾವಿಬ್ಬರೂ ಹತ್ತಿರವಾದೆವು.

ಆಮೇಲೆ ಬೀದಿ ದೀಪದ ಕೆಲಸ ಬಂತು. ನಮ್ಮೂರಿನಲ್ಲಿ ಬೀದಿಗಿಂತ ಮೆಟ್ಟಿಲೇ ಹೆಚ್ಚು. ಗುಡ್ಡದ ಮೆಟ್ಟಿಲುಗಳಿಗೆ ಅವಳು ಮೊಣಕಾಲಿನ ಎತ್ತರದಲ್ಲಿ ದೀಪ ಇಡಿಸಿದಳು, ಕಾಲಿಡುವ ಜಾಗ ಕಾಣಲಿ ಎಂದು. ಆಲದ ಮರಗಳಿಗೆಲ್ಲ ಹಸಿರು ದೀಪ ಹಾಕಿ ಎಂದು ನಗರಾಡಳಿತದ ಮೇಲಿನವರು ಹೇಳಿದಾಗ, ಮರ ಆಗಲೇ ಹಸಿರಾಗಿದೆಯಲ್ಲ, ಅದಕ್ಕೆ ದೆವ್ವ ಹಿಡಿಸಬೇಕೇ ಎಂದು ಸಭೆಯಲ್ಲೇ ಕೇಳಿದಳಂತೆ. ಮರಗಳಿಗೆ ಹಸಿರು ದೀಪ ಬಂದೇ ಬಂತು. ಅವಳು ಬಹಳ ದಿನ ಆ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದಳು.

ಅವಳ ತಾಯಿ ಮೌ ಅಜ್ಜಿ. ಹತ್ತಿ ಗಿರಣಿಯಲ್ಲಿ ಮಗ್ಗದ ಸದ್ದಿನ ನಡುವೆ ದುಡಿದವಳು, ಹಾಗಾಗಿ ಪಿಸುಮಾತು ಎಂದರೇನೆಂದು ಗೊತ್ತಿಲ್ಲ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬೆಳಕಿದ್ದರೆ ಮಾತ್ರ ಕಾಣುತ್ತದೆ. ನಮ್ಮ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಆದರೂ ಅಜ್ಜಿ ದಿನಾ ಸಂಜೆ ಒಂಬತ್ತು ಮಹಡಿ ಇಳಿದು, ಮೂಲೆಯ ಚಹಾದಂಗಡಿಗೆ ಹೋಗಿ, ಗೆಳತಿಯರ ಜೊತೆ ಮಾಜೊಂಗ್ ಆಡಿ, ಎಲ್ಲರನ್ನೂ ಬೈದು, ಮತ್ತೆ ಒಂಬತ್ತು ಮಹಡಿ ಹತ್ತುತ್ತಿದ್ದಳು. ಹಗಲಿಡೀ ಮಂಚದ ಮೇಲೆ ಕೂತಿರುವ ಜೀವಕ್ಕೆ ಆ ಆಟವೊಂದೇ ಜೀವನ. ಅದು ನಿಂತರೆ ಅಜ್ಜಿಯೂ ನಿಲ್ಲುತ್ತಾಳೆ ಎಂದು ಯುಲಿಯೆನ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಮೆಟ್ಟಿಲ ದೀಪಗಳಿಗೆ ಸ್ವಿಚ್ಚಿಲ್ಲ. ಕತ್ತಲಾದ ಮೇಲೆ ಕಾಲು ಅಪ್ಪಳಿಸಿದರೆ ಆ ಮಹಡಿಯ ದೀಪ ಹತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಹಾಗಾಗಿ ನಾವೆಲ್ಲ ಮನೆಗೆ ಬರುವುದೇ ನೆಲ ಒದೆಯುತ್ತಾ. ಕೆಲವರು ಕೆಮ್ಮುತ್ತಾರೆ, ಕೆಲವರು ಚಪ್ಪಾಳೆ ತಟ್ಟುತ್ತಾರೆ. ಮೌ ಅಜ್ಜಿ ಕೋಲು ಕುಟ್ಟಿ "ಹೋಯ್" ಎಂದು ಕೂಗಿದರೆ ಒಟ್ಟಿಗೆ ಮೂರು ಮಹಡಿ ಬೆಳಗುತ್ತಿದ್ದವು.

ಆ ವರ್ಷ ಹೊಸವರ್ಷದ ಹಬ್ಬಕ್ಕೆ ಮುಂಚೆ, ನಮ್ಮದೂ ಸೇರಿ ನದಿಗೆ ಮುಖ ಮಾಡಿದ ಹಳೆಯ ಕಟ್ಟಡಗಳನ್ನೆಲ್ಲ ದೀಪದಿಂದ ಸಿಂಗರಿಸಬೇಕೆಂದು ತೀರ್ಮಾನವಾಯಿತು. ಸಂಜೆ ದೋಣಿಯಲ್ಲಿ ಸುತ್ತುವ ಪ್ರವಾಸಿಗರಿಗೆ ಚೆಂದ ಕಾಣಬೇಕಲ್ಲ. ಕೆಲಸ ಯುಲಿಯೆನ್‌ಳ ಕಂಪನಿಗೆ ಸಿಕ್ಕಿತು, ನಕ್ಷೆ ಅವಳ ಕೈಗೆ ಬಂತು. ತಾನು ಹುಟ್ಟಿ ಬೆಳೆದ ಮನೆಗೇ ಬೆಳಕು ಬರೆಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಹಿಗ್ಗಿಹೋದಳು. ಕಟ್ಟಡದ ಬುಡದಲ್ಲಿ ಮೇಲ್ಮುಖವಾಗಿ ದೊಡ್ಡ ದೀಪಗಳು, ಗೋಡೆಯುದ್ದಕ್ಕೂ ಜೇನಿನ ಬಣ್ಣ. ಯಾರ ಮಲಗುವ ಕೋಣೆಗೂ ಬೆಳಕು ನುಗ್ಗಬಾರದೆಂದು ಮನೆಮನೆಗೆ ಬಂದು, ಹಾಸಿಗೆಯ ಮೇಲೆ ಮಲಗಿ, ಕಿಟಕಿ ನೋಡಿ ಹೋದಳು. ನನ್ನ ಹಾಸಿಗೆಯ ಮೇಲೂ ಬೂಟು ಕಳಚಿ ಮಲಗಿದ್ದಳು. ಮೆಟ್ಟಿಲ ಮೇಲೆ ಯಾರೂ ಮಲಗುವುದಿಲ್ಲವಲ್ಲ, ಅಲ್ಲಿ ನೋಡಲಿಲ್ಲ.

ಗೋಡೆಯ ದೀಪ ಹತ್ತಿದ ಸಂಜೆಗಳಲ್ಲಿ, ಅವು ಆರುವವರೆಗೂ, ಅವಳು ಎದುರು ದಂಡೆಯಲ್ಲಿ ನಿಂತಿರುತ್ತಿದ್ದಳು. ಅವರ ಕೆಲಸದ ರೀತಿಯೇ ಹಾಗೆ, ಗೋಡೆಯ ಬೆಳಕನ್ನು ದೂರದಿಂದಲೇ ನೋಡಿ ತಿದ್ದಬೇಕು. ಇಲ್ಲಿ ನಾವು ಮೆಟ್ಟಿಲಲ್ಲಿ ನೆಲ ಒದೆಯುತ್ತಿದ್ದೆವು. ದೀಪ ಹತ್ತುತ್ತಿರಲಿಲ್ಲ. ಕೆಮ್ಮಿದೆವು, ತಟ್ಟಿದೆವು, ಕಿರುಚಿದೆವು. ಬಲ್ಬು ಬದಲಾಯಿಸಿದ್ದೂ ಆಯಿತು. ಏನೂ ಇಲ್ಲ. ಹೊರಗೆ ಗೋಡೆ ಮದುವೆ ಮನೆಯ ಹಾಗೆ ಜಗಜಗ, ಒಳಗೆ ಕಾಲಿಡುವ ಜಾಗ ಕಾಣದು. ಈರುಳ್ಳಿ ಚೀಲ ಹೊತ್ತು ಹತ್ತುವಾಗ ಎರಡು ಸಲ ಮೊಣಕಾಲು ತರಚಿಕೊಂಡೆ. ನನ್ನ ಪಿತ್ತ ನೆತ್ತಿಗೇರಿತ್ತು.

ಒಂದು ಸಂಜೆ ಕಸ ಹಾಕಲು ಬಾಗಿಲು ತೆಗೆದರೆ ಮೇಲಿನಿಂದ "ಹೋಯ್" ಎಂಬ ಕೂಗು. ತಡವರಿಸುತ್ತಾ ಹತ್ತಿ ನೋಡಿದರೆ, ಏಳನೇ ಮಹಡಿಯ ತಿರುವಿನಲ್ಲಿ ಮೌ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಾಳೆ. ಮೇಲಕ್ಕೂ ಹೋಗಲಾರಳು, ಕೆಳಕ್ಕೂ ಬರಲಾರಳು. ಮುಟ್ಟಿದರೆ ಕೈ ಮಂಜುಗಡ್ಡೆ.

"ಅಜ್ಜಿ, ಎಷ್ಟೊತ್ತಾಯ್ತು ಕೂತು?"

"ನಂಗೇನು ಗೊತ್ತು? ಆಟ ಶುರುವಾಗೋ ಹೊತ್ತಿಗೆ ಹೊರಟಿದ್ದೆ. ಈಗ ಮುಗಿದಿರ್ಬೇಕು."

"ಒಂದು ಟಾರ್ಚ್ ಇಟ್ಕೋಬಾರ್ದಾ?"

"ಒಂದ್ ಕೈಲಿ ಕೋಲು, ಇನ್ನೊಂದ್ ಕೈಲಿ ಕಂಬಿ. ಟಾರ್ಚ್‌ನ ಹಲ್ಲಲ್ಲಿ ಕಚ್ಕೊಳ್ಲಾ? ಹಲ್ಲೂ ಇಲ್ಲ."

ನಗುವ ಹೊತ್ತಲ್ಲ ಅದು. ಅವಳನ್ನು ಹಿಡಿದು ಮೇಲೆ ಬಿಟ್ಟು, ಯುಲಿಯೆನ್‌ಗೆ ಫೋನ್ ಮಾಡಿ ಉಗಿದೆ. "ಆ ದಂಡೇಲಿ ನಿಂತು ಗೋಡೆ ನೋಡಿದ್ದು ಸಾಕು. ಬಂದು ನಿಮ್ಮಮ್ಮನ್ನ ನೋಡು."

ಓಡಿ ಬಂದಳು. ಏಳನೇ ಮಹಡಿಯ ತಿರುವಿನಲ್ಲಿ ನಿಂತು ನೆಲ ಒದ್ದಳು. ದೀಪ ಹತ್ತಲಿಲ್ಲ. ಮೆಟ್ಟಿಲ ಹೊರಬದಿಗಿದ್ದ ಜಾಲಿ ಇಟ್ಟಿಗೆಯ ಗೋಡೆಯನ್ನು ನೋಡಿದಳು, ತಲೆಯೆತ್ತಿ ಛಾವಣಿ ನೋಡಿದಳು. ಹೊರಗಿನ ದೀಪದ ಬೆಳಕು ಜಾಲಿಯ ತೂತುಗಳಿಂದ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಬಂದು, ಮೆಟ್ಟಿಲಿಗೆ ಬೀಳದೆ, ಸರಿಯಾಗಿ ಛಾವಣಿಯ ದೀಪದ ಮುಖಕ್ಕೆ ಬಡಿಯುತ್ತಿತ್ತು. ಆ ದೀಪಗಳಿಗೆ ಬೆಳಕನ್ನು ಗುರುತಿಸುವ ಪುಟ್ಟ ಕಣ್ಣೊಂದಿದೆ. ಹಗಲಾದರೆ ಎಷ್ಟು ಸದ್ದು ಮಾಡಿದರೂ ಹತ್ತಬಾರದೆಂದು ಹಾಗೆ ಮಾಡಿದ್ದಾರೆ. ಅವಕ್ಕೆ ಈಗ ಕತ್ತಲೆಯೇ ಆಗುತ್ತಿರಲಿಲ್ಲ.

"ನಾನೇ ಮಾಡಿದ್ದು, ಅಕ್ಕ," ಎಂದಳು. "ಜನರ ಹಾಸಿಗೆ ಮೇಲೆಲ್ಲ ಮಲಗಿ ನೋಡಿದೆ. ಅಮ್ಮ ನಡೆಯೋ ಜಾಗ ನೋಡ್ಲಿಲ್ಲ." ತನ್ನ ಹಣೆಗೆ ತಾನೇ ಪಟಪಟನೆ ಹೊಡೆದುಕೊಂಡಳು. ಎಷ್ಟು ಸಿಟ್ಟಿದ್ದರೂ ನನಗೆ ಆ ಕೈ ಹಿಡಿಯಬೇಕಾಯಿತು.

ಜಾಲಿ ಮುಚ್ಚುವಂತಿರಲಿಲ್ಲ, ಎಲ್ಲರ ಅಡುಗೆಮನೆಯ ಮೆಣಸಿನ ಘಾಟು ಹೊರಗೆ ಹೋಗುವುದು ಅಲ್ಲಿಂದಲೇ. ಅವಳು ಕುರ್ಚಿ ತಂದು, ಒಂದೊಂದೇ ಮಹಡಿಯ ದೀಪದ ಕಣ್ಣಿಗೆ ಕಪ್ಪು ಟೇಪು ಅಂಟಿಸಿದಳು. ನೆಲ ಒದ್ದೆವು. ಹತ್ತಿತು. ಮಾರನೆಯ ಸಂಜೆ ಅಜ್ಜಿ "ಹೋಯ್" ಎನ್ನುತ್ತಾ ಇಳಿದು ಹೋದಳು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಕಂಪನಿಯ ಮುಖ್ಯಸ್ಥ ವೆನ್ ಎಂಬ ಮಹಾಶಯ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಗೋಡೆ ತೋರಿಸುತ್ತಿದ್ದ. ಜೇನಿನ ಬಣ್ಣದ ನಡುವೆ ಜಾಲಿಯಲ್ಲಿ ಬಿಳಿ ಬೆಳಕು ಪಕ್ ಎಂದು ಹತ್ತುವುದು, ಆರುವುದು. ಯಾರೋ ಅತಿಥಿ ಅದೇನೆಂದು ಕೇಳಿದನಂತೆ. ನಾವು ಕಣ್ರೀ ಅದು, ಮನೆಗೆ ಹೋಗುತ್ತಿರುವ ಜನ! ಮಾರನೆಯ ದಿನ ವೆನ್ ಖುದ್ದಾಗಿ ಬಂದು ಕಟ್ಟಡದ ಅಂಗಳದಲ್ಲಿ ಯುಲಿಯೆನ್‌ಳನ್ನು ನಿಲ್ಲಿಸಿಕೊಂಡ. ನಾನು ಅಲ್ಲೇ ಸಾಸೇಜು ಒಣಹಾಕುತ್ತಿದ್ದೆ.

"ಟೇಪು ತೆಗಿ. ಚಿತ್ರದ ಮಧ್ಯೆ ಮಿಣುಕು ಹುಳ ಹಾರಿದ ಹಾಗಿದೆ."

"ಅವು ಹುಳ ಅಲ್ಲ ಸಾಹೇಬ್ರೇ. ಒಳಗೆ ಮುದುಕರು ಹತ್ತಿ ಇಳೀತಾರೆ."

"ಹಬ್ಬ ಮುಗಿಯೋವರೆಗೆ ಸಂಜೆ ಹೊತ್ತು ಮನೇಲಿರ್ಲಿ. ಮುದುಕರಿಗೆ ಕತ್ತಲಾದ ಮೇಲೆ ಹೊರಗೇನು ಕೆಲಸ?"

"ಹಾಗಾದ್ರೆ ಆ ಜಾಲಿ ಎದುರಿನ ಒಂದೇ ಒಂದು ದೀಪ ತಿರುಗಿಸ್ತೀನಿ."

"ಮೇಲಿನವರು ಒಪ್ಪಿದ ಚಿತ್ರ ಅದು. ನಿಮ್ಮಮ್ಮನ ಸಲುವಾಗಿ ಗೋಡೆ ಮೇಲೆ ಕಪ್ಪು ಪಟ್ಟಿ ಎಳೀತೀಯಾ?"

"ತೆಗೆಯಲ್ಲ," ಎಂದಳು ಯುಲಿಯೆನ್. ಅಷ್ಟೇ ಹೇಳಿ ಒಳಗೆ ಹೋದಳು.

ವೆನ್ ಆಗ ಐದನೇ ಮಹಡಿಯ ಗೊಂಗ್‌ನನ್ನು ಹಿಡಿದ. ಗೊಂಗ್ ನಮ್ಮ ಕಟ್ಟಡದ ಉಸ್ತುವಾರಿ. ಮೇಲಿನವರು ಕೂರು ಎಂದರೆ ಮಲಗುವ ಆಸಾಮಿ. ಅಂದು ಸಂಜೆ ಮೌ ಅಜ್ಜಿ ಚಹಾದಂಗಡಿಗೆ ಹೋದ ಮೇಲೆ, ಅವನು ಏಣಿ ತಂದು ಅಷ್ಟೂ ಟೇಪು ಕಿತ್ತುಹಾಕಿದ. ನನಗೆ ಗೊತ್ತಾಗಿದ್ದು ಅಜ್ಜಿಯ ಜೊತೆ ಕಟ್ಟಡದ ಬಾಗಿಲಿಗೆ ಬಂದಾಗ. ಅಜ್ಜಿ ಕೋಲು ಕುಟ್ಟಿದಳು. ಕತ್ತಲೆ. "ಹೋಯ್" ಎಂದಳು. ಕತ್ತಲೆ. ನೆಲದ ಮೇಲೆ ಟೇಪಿನ ಚೂರು, ಗೋಡೆಗೆ ಒರಗಿಸಿಟ್ಟ ಗೊಂಗ್‌ನ ಏಣಿ. ಅಜ್ಜಿ ಮೊದಲ ಮೆಟ್ಟಿಲ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಯಾವತ್ತೂ ಬಾಯಿ ಮುಚ್ಚದ ಮುದುಕಿ ಹಾಗೆ ಸುಮ್ಮನಾದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಗೊಂಗ್‌ನ ಹೆಸರು ಹಿಡಿದು ನಾನು ಕೂಗಿದ ಕೂಗಿಗೆ ಎಲ್ಲ ಮಹಡಿಯ ಬಾಗಿಲೂ ತೆರೆದವು, ಅವನದೊಂದು ಬಿಟ್ಟು.

ಅಷ್ಟರಲ್ಲಿ ಯುಲಿಯೆನ್ ಕೆಲಸ ಮುಗಿಸಿ ಬಂದಳು. ಅಮ್ಮನನ್ನು ನೋಡಿದಳು, ಕಿತ್ತ ಟೇಪಿನ ಚೂರುಗಳನ್ನು ನೋಡಿದಳು. ಕಟ್ಟಡದ ಬುಡದಲ್ಲಿ ಗೋಡೆ ದೀಪಗಳ ಸ್ವಿಚ್ಚಿದ್ದ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಹೋಗಿ, ಬೀಗ ತೆಗೆದು, ಹಿಡಿಯನ್ನು ಕೆಳಕ್ಕೆಳೆದಳು. ಅವಳೇ ಬರೆದ, ಅವಳೇ ಹಿಗ್ಗಿದ ಆ ಜೇನುಬಣ್ಣದ ಗೋಡೆ ಒಂದೇ ಏಟಿಗೆ ಆರಿತು.

"ಅಮ್ಮ, ಏಳು. ಹತ್ತು."

ಅಜ್ಜಿ ಕೋಲು ಕುಟ್ಟಿದಳು. ದೀಪ ಹತ್ತಿತು. ಹತ್ತತೊಡಗಿದಳು.

ಅಂದೂ ವೆನ್ ಅತಿಥಿಗಳನ್ನು ದೋಣಿ ಹತ್ತಿಸಿ ಕಳಿಸಿ ನಮ್ಮ ಕೆಳಗಿನ ದೋಣಿಕಟ್ಟೆಯಲ್ಲೇ ಇದ್ದ. ಏದುಸಿರು ಬಿಡುತ್ತಾ ಬಂದ. "ಹುಚ್ಚು ಹಿಡೀತಾ? ಹಾಕು ದೀಪ."

"ಅಮ್ಮ ಮೇಲೆ ಮುಟ್ಲಿ, ಹಾಕ್ತೀನಿ."

"ದೋಣಿ ನಡು ನದೀಲಿದೆ ಕಣೇ. ಎಷ್ಟ್ ಹೊತ್ತು?"

"ಅವಳ ಕಾಲನ್ನ ಕೇಳಿ."

ವೆನ್ ಪೆಟ್ಟಿಗೆಗೆ ಕೈ ಹಾಕಲು ಬಂದ. ನಾನು ಅಡ್ಡ ನಿಂತೆ. "ಬಸ್ಸಲ್ಲಿ ನಿನ್ನಂಥವರನ್ನ ದಿನಾ ಇಳಿಸ್ತಿದ್ದೆ. ಮುಟ್ಟಿ ನೋಡು," ಎಂದೆ. ಅವನು ಮುಟ್ಟಲಿಲ್ಲ. ಮೂವರೂ ತಲೆಯೆತ್ತಿ ನಿಂತೆವು. ಕಪ್ಪು ಕಟ್ಟಡದ ಜಾಲಿಯಲ್ಲಿ ಒಂದು ಬಿಳಿ ಬೆಳಕು ಮೂರನೇ ಮಹಡಿಯಲ್ಲಿ ಹತ್ತಿತು. ಆರಿತು. ಅಜ್ಜಿ ದಣಿವಾರಿಸಿಕೊಳ್ಳುತ್ತಿದ್ದಳು. ನಾಲ್ಕರಲ್ಲಿ ಹತ್ತಿತು. ಯುಲಿಯೆನ್‌ಳ ಕೈ ಹಿಡಿಯ ಮೇಲೇ ಇತ್ತು. ಬಹಳ ಹೊತ್ತಿನ ಮೇಲೆ ಒಂಬತ್ತನೇ ಮಹಡಿಯ ಕಿಟಕಿ ತೆರೆಯಿತು.

"ಮುಟ್ಟಿದೆ. ಇನ್ನು ಹಚ್ಕೊಳ್ರಪ್ಪ ನಿಮ್ಮ ಹಬ್ಬ," ಎಂದು ಅಜ್ಜಿ ಕೂಗಿದಳು. ಯುಲಿಯೆನ್ ಹಿಡಿ ಮೇಲೆತ್ತಿ, ಬೀಗದ ಕೈಯನ್ನು ವೆನ್‌ನ ಅಂಗೈಗೆ ಹಾಕಿದಳು. ಕೆಲಸವೂ ಅದರ ಜೊತೆಗೇ ಹೋಯಿತು.

ಮಾರನೆಯ ದಿನ ನಾನೇ ಏಣಿ ಹತ್ತಿ ಎಲ್ಲ ದೀಪದ ಕಣ್ಣಿಗೂ ಗಾಯದ ಪಟ್ಟಿ ಅಂಟಿಸಿದೆ. ಗೊಂಗ್ ಬಾಗಿಲ ಸಂದಿಯಿಂದ ನೋಡಿದ. "ಕೀಳು, ಆಮೇಲೆ ನಿನಗೇ ಇದು ಬೇಕಾಗುತ್ತೆ," ಎಂದೆ. ಅವನು ಸಂದಿ ಮುಚ್ಚಿಕೊಂಡ. ವೆನ್ ಮತ್ತೆ ಈ ಕಡೆ ಬರಲಿಲ್ಲ.

ಆದರೆ ಸಂಜೆಯಾದರೂ ಮೌ ಅಜ್ಜಿಯ ಸದ್ದೇ ಇಲ್ಲ. ಮೇಲೆ ಹೋದೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ನಾನು ಇನ್ಮೇಲೆ ಇಳಿಯಲ್ಲ," ಎಂದಳು. "ನನ್ನ ಒಂದು ಆಟಕ್ಕೆ ಮಗಳ ಕೆಲಸ ಹೋಯ್ತು. ಸಾಕು. ಮುದುಕಿಗೆ ಹೊರಗೇನು ಕೆಲಸ?"

ವೆನ್ ಆಡಿದ ಮಾತು ಅದು. ಅವಳ ಬಾಯಿಗೆ ಅದು ಹೇಗೆ ಬಂತೋ ತಿಳಿಯದು. ಅಡುಗೆಮನೆಯಲ್ಲಿದ್ದ ಯುಲಿಯೆನ್ ಸೌಟು ಹಿಡಿದೇ ಬಂದಳು. ಅಷ್ಟು ವರ್ಷದಲ್ಲಿ ಅವಳು ಅಮ್ಮನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಏನಂದೆ? ಇನ್ನೊಂದು ಸಲ ಹೇಳು. ನೀನು ಇಳೀಲಿ ಅಂತ ನನ್ನ ಗೋಡೆ ನಾನೇ ಆರಿಸಿದೆ. ನೀನಿಲ್ಲಿ ಮಲಗಿದ್ರೆ ಅವನು ಗೆದ್ದ. ಏಳು. ಏಳ್ತೀಯೋ, ನಾನೇ ಹೊತ್ಕೊಂಡ್ ಹೋಗ್ಲೋ?"

ಅಜ್ಜಿ ಎದ್ದು ಕೂತು, ಕಾಲಿನಿಂದ ಚಪ್ಪಲಿ ಹುಡುಕಿದಳು.

"ಹೊರೋಕೆ ನಾನೇನು ಮೂಟೆನಾ?" ಎಂದಳು. "ಬೈಯೋಕೆ ಮಾತ್ರ ಚೆನ್ನಾಗಿ ಕಲ್ತಿದೀಯ. ಆ ಸೌಟು ಕೆಳಗಿಡು, ಬಾಗಿಲು ತೆಗಿ."